ಡೆಲವೇರ್ ನದಿ ದಾಟುವ ಮುನ್ನ

ಚಿ. ಸುಹಾಸನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನೀನು ಪಿಸ್ತೂಲು ಕೊಂಡದ್ದು, ಅದನ್ನು ಹೊರಗೆ ಒಯ್ಯಲು ಬೇಕಾದ ಪೆನ್ಸಿಲ್ವೇನಿಯಾದ ಕ್ಯಾರಿ ಲೈಸೆನ್ಸ್ ಸಿಕ್ಕಿದ್ದು ಎರಡನ್ನೂ ನಿನ್ನಮ್ಮ ಹೇಳಿದಳು. ಕೊಳ್ಳಬೇಕಿತ್ತೋ ಬೇಡವೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ನಿನ್ನಂತೆ ಗ್ರೀನ್ ಕಾರ್ಡ್ ಇರುವವರು ಬಂದೂಕು ಇಟ್ಟುಕೊಳ್ಳಲು ಅಲ್ಲಿನ ಕಾನೂನು ಬಿಡುತ್ತದೆ. ನನ್ನ ಆತಂಕ ಬೇರೆ. ಎಡಿಸನ್ನಿನ ಕೃಷ್ಣ ದೇವಸ್ಥಾನಕ್ಕೆ ಹೋಗುವಾಗಲೆಲ್ಲ ನೀನು ಡೆಲವೇರ್ ನದಿ ದಾಟಿ ನ್ಯೂಜೆರ್ಸಿಗೆ ಕಾಲಿಡುತ್ತೀಯ. ನಿನ್ನ ಲೈಸೆನ್ಸಿಗೆ ಆಚೆ ದಡದಲ್ಲಿ ಬೆಲೆಯಿಲ್ಲ. ನ್ಯೂಜೆರ್ಸಿ, ನ್ಯೂಯಾರ್ಕ್, ಮೇರಿಲ್ಯಾಂಡ್ ಮೂರೂ ಹೊರರಾಜ್ಯದ ಕ್ಯಾರಿ ಲೈಸೆನ್ಸನ್ನು ಒಪ್ಪುವುದಿಲ್ಲ.

2013ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿಯ ಕಾರನ್ನು ನ್ಯೂಜೆರ್ಸಿಯ ಅಟ್ಲಾಂಟಿಕ್ ಕೌಂಟಿಯಲ್ಲಿ ಪೊಲೀಸರು ನಿಲ್ಲಿಸಿದರು. ಎರಡು ಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದವಳು, ನಿನ್ನ ಹಾಗೆಯೇ ಪೆನ್ಸಿಲ್ವೇನಿಯಾ ಲೈಸೆನ್ಸ್ ಇದ್ದವಳು. ಕಾರಿನಲ್ಲಿ ಪಿಸ್ತೂಲಿದೆ ಎಂದು ತಾನಾಗಿಯೇ ಹೇಳಿದಳು. ಅಲ್ಲೇ ಬಂಧನ. ಪರ್ಮಿಟ್ ಇಲ್ಲದೆ ಪಿಸ್ತೂಲು ಹೊಂದುವುದು ಅಲ್ಲಿ ಎರಡನೇ ದರ್ಜೆಯ ಅಪರಾಧ. 5ರಿಂದ 10 ವರ್ಷ ಜೈಲು, ಬಂದೂಕಿನ ಅಪರಾಧಕ್ಕೆ ಕನಿಷ್ಠ ಜೈಲು ಕಡ್ಡಾಯ ಮಾಡುವ ಅಲ್ಲಿನ ಗ್ರೇವ್ಸ್ ಕಾಯ್ದೆಯ ಪ್ರಕಾರ 42 ತಿಂಗಳು ಪೆರೋಲಿಲ್ಲದೆ ಕಳೆಯಬೇಕು. ಕಾನೂನು ಗೊತ್ತಿರಲಿಲ್ಲ ಎಂಬ ಮಾತು ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಪಿಸ್ತೂಲು ತನ್ನ ಬಳಿ ಇದೆಯೆಂದು ಗೊತ್ತಿದ್ದರೆ ಸಾಕು. ದೇಶದಲ್ಲೆಲ್ಲ ಗದ್ದಲವೆದ್ದ ಮೇಲೆ 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಆಕೆಗೆ ಕ್ಷಮಾದಾನ ಕೊಟ್ಟರು. ದರೋಡೆಕೋರರಿಗೆಂದು ಮಾಡಿದ ಶಿಕ್ಷೆಯನ್ನು ನಿಜ ಹೇಳಿದ ತಾಯಿಯ ಮೇಲೆ ಹೇರಲು ಹೊರಟದ್ದು ನನ್ನ ದೃಷ್ಟಿಯಲ್ಲಿ ಘೋರ ಅನ್ಯಾಯ. ಆದರೆ ಕಾನೂನು ಇವತ್ತಿಗೂ ಅಷ್ಟೇ ಬಿಗಿ.

ನಿನ್ನ ಪಾಡು ಆಕೆಗಿಂತ ಕಷ್ಟ. ಆಕೆ ಅಮೆರಿಕದ ಪ್ರಜೆ. ಗ್ರೀನ್ ಕಾರ್ಡಿನವನಿಗೆ ಬಂದೂಕಿನ ಅಪರಾಧ ಸಾಬೀತಾದರೆ ಅದೊಂದೇ ಗಡೀಪಾರಿಗೆ ಸಾಕು, ಆ ದೇಶಕ್ಕೆ ಬಂದು ಎಷ್ಟು ವರ್ಷವಾಗಿದ್ದರೂ ಸರಿ. ಗವರ್ನರ್ ಕ್ಷಮಿಸಿದರೂ ಗಡೀಪಾರಿನ ಆ ಕಲಮಿನಿಂದ ಬಿಡುಗಡೆಯಿಲ್ಲ. ತಪ್ಪೊಪ್ಪಿಕೊಂಡು, ಕೋರ್ಟಿನ ಷರತ್ತು ಪಾಲಿಸಿ, ಕೊನೆಗೆ ಕೇಸು ವಜಾ ಆದರೂ ವಲಸೆ ಕಾನೂನು ಅದನ್ನು ಶಿಕ್ಷೆಯೆಂದೇ ಲೆಕ್ಕ ಹಾಕುತ್ತದೆ. ವೀಸಾದ ಮೇಲಿರುವ ನಿನ್ನ ಸ್ನೇಹಿತರಿಗೂ ಒಂದು ಮಾತು ಹೇಳು: ಎಚ್-1ಬಿ ಎಂಬ ಕೆಲಸದ ವೀಸಾ ಇದ್ದವರು ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದೇ ಫೆಡರಲ್, ಅಂದರೆ ಕೇಂದ್ರ ಕಾನೂನಿನ, ಅಪರಾಧ.

ಹಾಗಾಗಿ ಎಡಿಸನ್ನಿಗೆ ಹೋಗುವ ದಿನ ಅದು ಮನೆಯಲ್ಲೇ ಇರಲಿ. ಈಗ ನ್ಯೂಜೆರ್ಸಿಯಲ್ಲಿ ಹೊರರಾಜ್ಯದವರೂ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಕೈಗೆ ಬರುವ ತನಕ ಒಯ್ಯಬೇಡ.

ನ್ಯೂ ಹ್ಯಾಂಪ್‌ಶೈರ್‌ನಂಥ ಕಡೆಗೆ, ನಡುವಿನ ರಾಜ್ಯಗಳನ್ನು ಬರೀ ಹಾದುಹೋಗುವುದಾದರೆ 1986ರ ಫೆಡರಲ್ ಕಾಯ್ದೆಯ ರಕ್ಷಣೆ ಇದೆ. ಹೊರಟ ಜಾಗ, ತಲುಪುವ ಜಾಗ ಎರಡರಲ್ಲೂ ಪಿಸ್ತೂಲು ಒಯ್ಯುವ ಹಕ್ಕು ನಿನಗಿರಬೇಕು. ಗುಂಡು ತೆಗೆದಿರಬೇಕು. ಪಿಸ್ತೂಲಾಗಲಿ ಗುಂಡಾಗಲಿ ಕೂತಲ್ಲಿಂದ ಕೈಗೆ ಸಿಗಬಾರದು, ಡಿಕ್ಕಿಯಲ್ಲಿರಲಿ. ನಿನ್ನದು ಎಸ್‌ಯುವಿ, ಬೇರೆ ಡಿಕ್ಕಿಯಿಲ್ಲ. ಆದ್ದರಿಂದ ಬೀಗ ಹಾಕಿದ ಪೆಟ್ಟಿಗೆ ಬೇಕೇ ಬೇಕು. ಗ್ಲವ್ ಬಾಕ್ಸ್, ಸೀಟುಗಳ ನಡುವಿನ ಕನ್ಸೋಲ್ ಬೀಗ ಹಾಕಿದ್ದರೂ ಲೆಕ್ಕಕ್ಕಿಲ್ಲ. ಪೆಟ್ರೋಲ್ ಹಾಕಿಸಿಕೊಂಡು ಮುಂದೆ ಹೋಗು. ದಾರಿಯಲ್ಲಿ ನೆಂಟರ ಮನೆಯಲ್ಲಿ ರಾತ್ರಿ ಉಳಿದರೆ ಆ ರಕ್ಷಣೆ ಕಳಚಿಬೀಳುತ್ತದೆ. ನ್ಯೂಯಾರ್ಕಿನಲ್ಲಂತೂ ಪಿಸ್ತೂಲಿನೊಳಗೆ ಗುಂಡಿಲ್ಲದಿದ್ದರೂ, ಅದಕ್ಕೆ ಹೊಂದುವ ಗುಂಡು ನಿನ್ನ ಬಳಿ ಇದ್ದರೆ ಕಾನೂನಿಗೆ ಅದು ಗುಂಡು ತುಂಬಿದ ಪಿಸ್ತೂಲೇ. 10ಕ್ಕಿಂತ ಹೆಚ್ಚು ಗುಂಡು ಹಿಡಿಯುವ ಮ್ಯಾಗಜೀನ್ ಆ ದಾರಿಯಲ್ಲಿ ಬೇಡವೇ ಬೇಡ. ತುದಿ ಟೊಳ್ಳಾಗಿರುವ ಹಾಲೋ ಪಾಯಿಂಟ್ ಗುಂಡಿಗೆ ನ್ಯೂಜೆರ್ಸಿಯಲ್ಲಿ ಬೇರೆಯೇ ಕೇಸು.

ವಿಮಾನದಲ್ಲಿ ಹೋಗುವಾಗ ನ್ಯೂಯಾರ್ಕ್, ನ್ಯೂಜೆರ್ಸಿಯ ನೆವಾರ್ಕ್ ಮಾರ್ಗ ಹಿಡಿಯಬೇಡ. 2005ರಲ್ಲಿ ಯೂಟಾದಿಂದ ಪೆನ್ಸಿಲ್ವೇನಿಯಾಕ್ಕೆ ಹೊರಟ ಒಬ್ಬರಿಗೆ ನೆವಾರ್ಕಿನಲ್ಲಿ ಮುಂದಿನ ವಿಮಾನ ತಪ್ಪಿತು. ಬ್ಯಾಗು ತೆಗೆದುಕೊಂಡು ಹೋಟೆಲಿನಲ್ಲಿ ಮಲಗಿದರು, ಬೆಳಿಗ್ಗೆ ನಿಯಮದಂತೆ ಪಿಸ್ತೂಲು ಘೋಷಿಸಿದರು, ಬಂಧನಕ್ಕೊಳಗಾದರು. ಕೇಸು ಕೈಬಿಟ್ಟರೂ, ಅವರು ಹೂಡಿದ ದಾವೆಯನ್ನು ಮೇಲ್ಮನವಿ ಕೋರ್ಟು 2010ರಲ್ಲಿ ತಳ್ಳಿಹಾಕಿತು: ಹೋಟೆಲಿನಲ್ಲಿ ಬ್ಯಾಗು ಅವರ ಕೈಗೆಟಕುವಂತಿತ್ತು, ಆದ್ದರಿಂದ ಫೆಡರಲ್ ರಕ್ಷಣೆಯಿಲ್ಲ. ಹಾಗೆ ಎಲ್ಲಾದರೂ ಸಿಕ್ಕಿಕೊಂಡರೆ ಬ್ಯಾಗು ಮುಟ್ಟಬೇಡ. ಮೊದಲು ವಿಮಾನ ನಿಲ್ದಾಣದ ಪೊಲೀಸರಿಗೋ ಸಿಬ್ಬಂದಿಗೋ ತಿಳಿಸು.

ಪೊಲೀಸರು ಹಿಡಿದರೆ ಸುಳ್ಳು ಹೇಳಬೇಡ, ಕಾರು ಹುಡುಕಲು ಒಪ್ಪಿಗೆಯನ್ನೂ ಕೊಡಬೇಡ. ಲಾಯರ್ ಬೇಕು ಎಂದು ಹೇಳಿ ಸುಮ್ಮನಿರು. ಲಾಯರ್ ಬಂದಾಗ ಮೊದಲು ಗ್ರೀನ್ ಕಾರ್ಡಿನ ವಿಷಯ ಹೇಳು. ತಪ್ಪೊಪ್ಪಿಗೆಯಿಂದ ವಲಸೆಗೆ ಏನಾಗುತ್ತದೆಂದು ತಿಳಿಸುವುದು ಅವರ ಕರ್ತವ್ಯ ಎಂದು 2010ರ ಪಡಿಲ್ಲಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅದು ಇತ್ಯರ್ಥವಾಗದೆ ಯಾವ ಕಾಗದಕ್ಕೂ ಸಹಿ ಹಾಕಬೇಡ.

ಈ ಶನಿವಾರ ಹೊರಡುವ ಮುಂಚೆ ಗುಂಡು ಹಾರಿಸಿ ಅಭ್ಯಾಸ ಮಾಡುವ ರೇಂಜಿಗೆ ಒಯ್ಯುವ ಬ್ಯಾಗು, ಜಾಕೆಟ್ಟಿನ ಜೇಬು, ಸೀಟಿನ ಕೆಳಗೆ, ಕಾರಿನ ಬಾಗಿಲ ಸಂದು ಎಲ್ಲ ನೋಡು. ಒಂದು ಗುಂಡೂ ಉಳಿದಿರಬಾರದು.

ಇಂತಿ,
ನಿನ್ನ ದೊಡ್ಡಪ್ಪ