‘ಇನ್ ಕ್ಯಾಮೆರಾ’ ಅಂದರೆ ಕ್ಯಾಮೆರಾ ಮುಂದೆ ಅಂತಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಡೆಯುವ ಕಾಯ್ದೆ) ಪ್ರಕರಣವೊಂದರ ಸುದ್ದಿ ಬಂದಿತ್ತು. ತಲೆಬರಹ ‘ಕ್ಯಾಮೆರಾ ಎದುರು ಬಾಲಕಿಯ ವಿಚಾರಣೆ’. ಕೋರ್ಟ್ ಹೇಳಿದ್ದು ಇದರ ಪೂರ್ತಿ ಉಲ್ಟಾ. ‘ಇನ್ ಕ್ಯಾಮೆರಾ’ ವಿಚಾರಣೆ ಅಂದರೆ ಬಾಗಿಲು ಹಾಕಿಕೊಂಡು ನಡೆಸುವ ವಿಚಾರಣೆ. ಸಂಬಂಧ ಇಲ್ಲದವರನ್ನು ಒಳಗೆ ಬಿಡುವುದಿಲ್ಲ.

ನಾನು ಕಲಬುರಗಿ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು. ಇಂಥ ತಲೆಬರಹ ಏನು ಮಾಡುತ್ತದೆ ಅಂತ ಕಣ್ಣಾರೆ ಕಂಡಿದ್ದೇನೆ. ಒಂದು ಸಲ ಜವಾನ ಹೆಸರು ಕೂಗಿದರೂ ಸಾಕ್ಷಿ ಹೇಳಬೇಕಾದ ಹುಡುಗಿ ಒಳಗೆ ಬರಲಿಲ್ಲ. ಹೊರಗೆ ಹೋಗಿ ನೋಡಿದರೆ, ವರಾಂಡದ ಕಂಬದ ಹಿಂದೆ ತಾಯಿ ಮಗಳ ತಲೆ ಮೇಲೆ ಸೆರಗು ಹೊದಿಸಿಕೊಂಡು ನಿಂತಿದ್ದಳು. “ಪೇಪರ್‌ದಾಗ ಬಂದದಂತ್ರೀ ಸಾಹೇಬ್ರ, ಕ್ಯಾಮೆರಾ ಹಚ್ಚತಾರಂತ. ನನ್ನ ಮಗಳ ಮಾರಿ ಊರಿಗೆಲ್ಲಾ ಕಾಣಂಗ ಮಾಡ್ತೀರೇನ್ರೀ?” ಅಂದಳು. ನಾನು ಹೇಳಿದೆ: “ಕ್ಯಾಮೆರಾ ಅಲ್ಲ ತಾಯಿ, ಕಮರಾ. ಬಾಗಿಲ ಹಾಕ್ತಾರ. ನೀವೂ ಒಳಗೇ ಇರ್ತೀರಿ.” ಆಮೇಲೆ ಅವರು ಬಂದರು. ಅವತ್ತು ಹೊರಗೆ ಹೋಗಿ ಕೇಳುವವರು ಯಾರೂ ಇಲ್ಲದಿದ್ದರೆ ಆ ಹುಡುಗಿಯ ಸಾಕ್ಷಿಯೇ ಆಗುತ್ತಿರಲಿಲ್ಲ.

ನಾನು ಹೇಳಿದ ಕಮರಾ (ಅಂದರೆ ಕೋಣೆ), ಕೋರ್ಟಿನ ಕ್ಯಾಮೆರಾ ಎರಡೂ ಒಂದೇ ಪದ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಲ್ಯಾಟಿನ್ ಭಾಷೆಯಲ್ಲಿ ಅದು ಕಮಾನು ಚಾವಣಿಯ ಹೆಸರು. ನಮ್ಮ ಕೋಟೆಯೊಳಗೆ 1367ರಲ್ಲಿ ಕಟ್ಟಿದ ಜಾಮಿ ಮಸೀದಿ ಇದೆಯಲ್ಲ, ಮಧ್ಯೆ ಬಯಲು ಅಂಗಳವೇ ಇಲ್ಲದೆ ಉದ್ದಕ್ಕೂ ಕಮಾನು ಗುಮ್ಮಟಗಳೇ ಇರುವ ಆ ಥರದ ಚಾವಣಿ ಅಂದುಕೊಳ್ಳಿ. ಬರಬರುತ್ತಾ ಚಾವಣಿಯ ಹೆಸರು ಅದರ ಕೆಳಗಿನ ಕೋಣೆಗೆ ಬಂತು.

ಅಲ್ಲಿಂದ ಮುಂದೆ ಒಂದೊಂದು ಭಾಷೆಯಲ್ಲಿ ಒಂದೊಂದು ದಾರಿ. ಇಟಲಿಯ ಹೋಟೆಲಿನಲ್ಲಿ ಇವತ್ತಿಗೂ ಕಾಮೆರಾ ಅಂದರೆ ರೂಮು. ಫ್ರೆಂಚರ ಶಾಂಬ್ರ್ ಇಂಗ್ಲಿಷಿಗೆ ಬಂದು ಚೇಂಬರ್ ಆಯಿತು. ನಮ್ಮ ಜಡ್ಜ್ ಸಾಹೇಬರು ಬೆಂಚಿನಿಂದ ಎದ್ದು ಹೋಗಿ ಕೂರುವುದು ಅದರಲ್ಲೇ. ಪೋರ್ಚುಗಲ್‌ನಲ್ಲಿ ಊರಿನ ನಗರಸಭೆ ಕಾಮರಾ. ರಷ್ಯನ್ನರ ಬಾಯಲ್ಲಿ ಅದೇ ಪದಕ್ಕೆ ಜೈಲಿನ ಸೆಲ್ ಎಂಬ ಅರ್ಥವೂ ಇದೆ. ಸ್ಪೇನಿನಲ್ಲಿ ಒಂದೇ ಕೋಣೆ ಹಂಚಿಕೊಂಡು ಇರುತ್ತಿದ್ದ ಜೊತೆಗಾರ ಕಮರಾದ ಆದ. ಡಿಸಿ ಆಫೀಸ್ ಮುಂದೆ ಧರಣಿ ಕೂತವರು ಕೂಗುವ ಕಾಮ್ರೇಡ್ ಬಂದದ್ದು ಅಲ್ಲಿಂದಲೇ.

ಇನ್ನು ಫೋಟೋ. ಕತ್ತಲೆ ಕೋಣೆಯ ಗೋಡೆಗೆ ಸಣ್ಣ ತೂತು ಮಾಡಿದರೆ ಹೊರಗಿನ ದೃಶ್ಯ ಎದುರು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಅದನ್ನು ‘ಕ್ಯಾಮೆರಾ ಅಬ್‌ಸ್ಕ್ಯೂರಾ’ ಅಂದರು, ಅಂದರೆ ಕತ್ತಲೆ ಕೋಣೆ. 1604ರಲ್ಲಿ ಖಗೋಳ ವಿಜ್ಞಾನಿ ಕೆಪ್ಲರ್ ಬಳಸಿದ ಹೆಸರು. ಮುಂದೆ ಕೋಣೆ ಚಿಕ್ಕದಾಗುತ್ತಾ ಕೈಯಲ್ಲಿ ಹಿಡಿಯುವ ಡಬ್ಬಿಯಾಯಿತು. ಡಬ್ಬಿಯೊಳಗೆ ಚಿತ್ರವನ್ನು ಹಿಡಿದಿಡುವ ವಿದ್ಯೆ 19ನೇ ಶತಮಾನದಲ್ಲಿ ಬಂತು. ಜನ ‘ಕತ್ತಲೆ’ ಬಿಟ್ಟು ಬರೀ ‘ಕೋಣೆ’ ಉಳಿಸಿಕೊಂಡರು. ಕಾನೂನು ಮಾತ್ರ ಹಳೆಯ ಅರ್ಥ ಬಿಡಲಿಲ್ಲ.

ನಮ್ಮ ಕಡೆ ಇದನ್ನು ತಿಳಿಯುವುದಕ್ಕೆ ಲ್ಯಾಟಿನ್ ಓದಬೇಕಾಗಿಲ್ಲ. ದರ್ಗಾದ ಕಡೆ ಯಾವ ಮನೆಗೆ ಹೋದರೂ ಕೋಣೆಗೆ ಕಮರಾ ಅನ್ನುತ್ತಾರೆ. ಆ ಪದ ಉರ್ದುವಿಗೆ ಬಂದಿದ್ದು ಪೋರ್ಚುಗೀಸರಿಂದ. ಬೇರೆ ಜಿಲ್ಲೆಯ ಪತ್ರಿಕೆ ತಪ್ಪಿದರೆ ಹೋಗಲಿ ಅನ್ನಬಹುದು. ಕನ್ನಡದವರು, ಉರ್ದುವಿನವರು ಇಬ್ಬರೂ ಒಂದೇ ಓಣಿಯಲ್ಲಿ ಇರುವ ನಮ್ಮ ಊರಿನಲ್ಲಿ ಈ ತಪ್ಪು ಆಗಬಾರದು.

ಕಾಯ್ದೆಯನ್ನೂ ಒಮ್ಮೆ ನೋಡಿ. 2012ರ ಪೋಕ್ಸೊ ಕಾಯ್ದೆಯ 37ನೇ ಕಲಂ ಪ್ರಕಾರ ವಿಚಾರಣೆ ಬಾಗಿಲು ಮುಚ್ಚಿ ನಡೆಯಬೇಕು, ತಂದೆತಾಯಿ ಅಥವಾ ಮಗು ನಂಬುವವರು ಜೊತೆಗಿರಬೇಕು. 36ನೇ ಕಲಂ ಪ್ರಕಾರ, ಸಾಕ್ಷಿ ಹೇಳುವಾಗ ಮಗುವಿಗೆ ಆರೋಪಿ ಎದುರಾಗಬಾರದು. ಅದಕ್ಕೆ ಪರದೆ ಕಟ್ಟಬಹುದು, ವಿಡಿಯೊ ಕಾನ್ಫರೆನ್ಸ್ ಕೂಡ ಮಾಡಬಹುದು. ಅಲ್ಲಿ ನಿಜವಾಗಿ ಕ್ಯಾಮೆರಾ ಬಂದರೂ ಅದು ಮಗುವಿನ ರಕ್ಷಣೆಗೆ. ಅತ್ಯಾಚಾರ ಪ್ರಕರಣಗಳಿಗೆ ಹಿಂದೆ ಸಿಆರ್‌ಪಿಸಿಯ (ದಂಡ ಪ್ರಕ್ರಿಯಾ ಸಂಹಿತೆಯ) 327ನೇ ಕಲಂ ಇತ್ತು, 2024ರ ಜುಲೈ 1ರಿಂದ ಅದರ ಜಾಗದಲ್ಲಿ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಂ ಬಂದಿದೆ. ಅಂಥ ವಿಚಾರಣೆಯ ವಿವರವನ್ನು ಕೋರ್ಟಿನ ಅನುಮತಿ ಇಲ್ಲದೆ ಅಚ್ಚು ಹಾಕುವ ಹಾಗಿಲ್ಲ ಅಂತಲೂ ಅದೇ ಕಲಂ ಹೇಳುತ್ತದೆ. ನಿಮ್ಮ ವರದಿಗಾರರಿಗೆ ಇದನ್ನು ದಯವಿಟ್ಟು ತೋರಿಸಿ.

ಕೆಲವರು ‘ರಹಸ್ಯ ವಿಚಾರಣೆ’ ಅಂತ ಬರೆಯುತ್ತಾರೆ. ಅದೂ ನನಗೆ ಒಪ್ಪಿಗೆಯಿಲ್ಲ. ಹುಡುಗಿಯೇ ಏನೋ ಮುಚ್ಚಿಡುತ್ತಿದ್ದಾಳೆ ಅನ್ನೋ ಹಾಗೆ ಕೇಳಿಸುತ್ತದೆ. ‘ಬಾಗಿಲು ಮುಚ್ಚಿ ವಿಚಾರಣೆ’ ಅಂತ ಬರೆಯಿರಿ, ಓದುಬರಹ ಬಾರದವರಿಗೂ ಕೇಳಿದರೆ ತಿಳಿಯುತ್ತದೆ.

ಆ ಸುದ್ದಿಗೆ ತಿದ್ದುಪಡಿಯನ್ನು ಒಳಪುಟದ ಮೂಲೆಯಲ್ಲಿ ಹಾಕಬೇಡಿ. ಜಿಲ್ಲಾ ಪುಟದಲ್ಲೇ, ತಲೆಬರಹದಷ್ಟೇ ದಪ್ಪ ಅಕ್ಷರದಲ್ಲಿ ಹಾಕಿ. ಆ ಮನೆಯವರು ಮುಂದಿನ ತಾರೀಕಿಗೆ ಬರುವ ಮೊದಲೇ ಹಾಕಿ.

ಇತಿ,
ನಿವೃತ್ತ ಬೆಂಚ್ ಕ್ಲರ್ಕ್, ಬ್ರಹ್ಮಪುರ, ಕಲಬುರಗಿ