ಇಮಾಮರು ಕಾಣುವಂತಿರಲಿ

ಮಾನ್ಯ ಸಂಪಾದಕರೇ,

ಎಷ್ಟೋ ಮಸೀದಿಗಳಲ್ಲಿ ಹೆಂಗಸರಿಗೆ ನಮಾಜ್‌ಗೆ ಜಾಗವೇ ಇಲ್ಲ, ಇದ್ದರೂ ಅದು ಗೋಡೆಯಾಚೆಯ ಒಂದು ಕೋಣೆ. ಅಲ್ಲಿಂದ ನಮಾಜ್ ನಡೆಸುವ ಇಮಾಮರು ಕಾಣುವುದಿಲ್ಲ, ಸ್ಪೀಕರ್ ದನಿಯೇ ಗತಿ. ಒಮ್ಮೆ ಶುಕ್ರವಾರದ ಜುಮಾ ನಮಾಜಿನ ನಡುವೆ ಸ್ಪೀಕರ್ ಕೈಕೊಟ್ಟು, ಇಮಾಮರು ರುಕೂನಲ್ಲಿದ್ದಾರೋ (ಸೊಂಟ ಬಾಗಿಸಿ ನಿಲ್ಲುವುದು) ಸಜ್ದಾದಲ್ಲಿದ್ದಾರೋ (ಹಣೆಯನ್ನು ನೆಲಕ್ಕೆ ಮುಟ್ಟಿಸುವುದು) ತಿಳಿಯದೆ ಕೆಲವರು ಬಾಗಿದೆವು, ಕೆಲವರು ಸುಮ್ನೆ ನಿಂತೇ ಇದ್ದರು. ಗಂಡಸರಿಗೆ ಇದು ಗೊತ್ತೇ ಆಗಲಿಲ್ಲ ಬಿಡಿ. ಪ್ರವಾದಿಯವರ ಕಾಲದಲ್ಲಿ ಮದೀನಾದ ಮಸೀದಿಯಲ್ಲಿ ಹೆಂಗಸರು ಗಂಡಸರ ಹಿಂದಿನ ಸಾಲುಗಳಲ್ಲೇ, ನಡುವೆ ಗೋಡೆಯಿಲ್ಲದೆ ನಮಾಜ್ ಮಾಡುತ್ತಿದ್ದರು. ಹೆಂಗಸರನ್ನು ಮಸೀದಿಯಿಂದ ತಡೆಯಬೇಡಿ ಎಂದು ಪ್ರವಾದಿಯವರ ನಡೆನುಡಿಗಳ ದಾಖಲೆಯಾದ ಹದೀಸ್‌ನಲ್ಲೇ ಇದೆ. ಮೆಕ್ಕಾದ ಕಾಬಾದ ಸುತ್ತ ಇಂದಿಗೂ ಗಂಡಸರು ಹೆಂಗಸರು ಇಬ್ಬರೂ ಒಟ್ಟಿಗೇ ತವಾಫ್ (ಪ್ರದಕ್ಷಿಣೆ) ಮಾಡುತ್ತಾರೆ, ಅಲ್ವಾ? ಸಾಲು ಬೇರೆ ಇರಲಿ, ತಕರಾರಿಲ್ಲ. ಮಸೀದಿ ಸಮಿತಿಗಳು ಅದೇ ಹಾಲ್‌ನ ಹಿಂಭಾಗವನ್ನು ಹೆಂಗಸರಿಗೆ ಬಿಟ್ಟುಕೊಡಲಿ, ಅದಾಗದಿದ್ದರೆ ಗೋಡೆ ಇರುವಲ್ಲಿ ಜಾಲರಿಯನ್ನಾದರೂ ಹಾಕಿಸಲಿ.

– ಓದುಗರೊಬ್ಬರು