ಪೇಷೆಂಟ್ ಕಡೆಯವರು ಕಂಡದ್ದನ್ನು ಬರೆಯಲು ಒಂದು ಪುಸ್ತಕ ಇಡಿ

ಕೋಲಾರ ಜಿಲ್ಲೆಯ ಆರೂ ಕ್ಷೇತ್ರಗಳ ಶಾಸಕರಿಗೆ,

ನಮಸ್ಕಾರ. ತಾಲ್ಲೂಕು ಆಸ್ಪತ್ರೆಯ ಉಸ್ತುವಾರಿ ನೋಡುವ ಆರೋಗ್ಯ ರಕ್ಷಾ ಸಮಿತಿಗೆ ಶಾಸಕರೇ ಅಧ್ಯಕ್ಷರು. ಅದಕ್ಕೇ ಈ ಪತ್ರವನ್ನು ನೇರವಾಗಿ ನಿಮಗೆ ಬರೆಯುತ್ತಿದ್ದೇನೆ. ನಾನು ಕೇಳುತ್ತಿರುವುದಕ್ಕೆ ದೊಡ್ಡ ಅನುದಾನ ಬೇಡ. ಮೊದಲು ನಡೆದದ್ದನ್ನು ಹೇಳಿಬಿಡುತ್ತೇನೆ.

ನಮ್ಮ ಅತ್ತೆಗೆ ಹದಿನೈದು ವರ್ಷದಿಂದ ಶುಗರ್ ಇದೆ. ದಿನಾ ಬೆಳಿಗ್ಗೆ ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಅವರಿಗೆ ಇನ್ಸುಲಿನ್ ಚುಚ್ಚುವುದು ನನ್ನ ಕೆಲಸ. ಕಾಲಿನ ಗಾಯ ವಾಸಿಯಾಗದೆ ಅವರನ್ನು ಆಸ್ಪತ್ರೆಗೆ ಸೇರಿಸಿದ್ದೆವು. ಮೂರನೇ ದಿನ ಇನ್ಸುಲಿನ್ ಬಾಟಲಿ ಮುಗಿಯಿತು. ಸಿಸ್ಟರ್ ಚೀಟಿ ಕೊಟ್ಟರು, ನಮ್ಮ ಮೈದುನ ಹೊರಗಿನ ಮೆಡಿಕಲ್ ಸ್ಟೋರಿನಿಂದ ತಂದುಕೊಟ್ಟ. ಮರುದಿನ ಬೆಳಿಗ್ಗೆ ಅದರಿಂದ 20 ಯೂನಿಟ್ ಎಳೆದು ಚುಚ್ಚಿದರು. ತಿಂಡಿಯೂ ಆಯಿತು. ಒಂದೂವರೆ ಗಂಟೆ ಕಳೆಯುವಷ್ಟರಲ್ಲಿ ಅತ್ತೆ ಬೆವರಲು ಶುರು ಮಾಡಿದರು. ಸೆರಗು ಪೂರ್ತಿ ಒದ್ದೆ. ನನ್ನನ್ನು ನೋಡಿ, ತೀರಿಹೋದ ತಂಗಿಯ ಹೆಸರು ಹಿಡಿದು ಕೂಗಿದರು. ಲೋ ಶುಗರ್ ಅಂತ ನನಗೆ ಗೊತ್ತಾಯಿತು. ಬಾಯಿಗೆ ಸಕ್ಕರೆ ನೀರು ಹಾಕುತ್ತಾ ಸಿಸ್ಟರನ್ನು ಕೂಗಿದೆ. ಶುಗರ್ ನೋಡಿದರೆ 42ಕ್ಕೆ ಇಳಿದಿತ್ತು. ಗ್ಲೂಕೋಸ್ ಏರಿಸಿದರು. ದೇವರ ದಯೆ, ಅತ್ತೆ ಉಳಿದರು.

ಆಮೇಲೆ ನಾನು ಬಾಟಲಿ ಕೈಗೆತ್ತಿಕೊಂಡು ನೋಡಿದೆ. ಮನೆಯಲ್ಲಿ ನಾವು ಬಳಸುವುದು ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್. ಅದಕ್ಕೆ ಕೆಂಪು ಕ್ಯಾಪಿನ ಸಿರಿಂಜು. ಹೊಸ ಬಾಟಲಿಯ ಮೇಲೆ 100 ಅಂತ ಇತ್ತು. ಅದಕ್ಕೆ ಕಿತ್ತಳೆ ಕ್ಯಾಪಿನ ಸಿರಿಂಜು ಬೇಕು. ವಾರ್ಡಿನಲ್ಲಿದ್ದದ್ದು ಕೆಂಪು ಕ್ಯಾಪಿನದೇ. ಕೆಂಪು ಸಿರಿಂಜಿನಲ್ಲಿ 20ರ ಗೆರೆ ಅಂದರೆ ಅರ್ಧ ಎಂಎಲ್. ಹೊಸ ಬಾಟಲಿಯಲ್ಲಿ ಅರ್ಧ ಎಂಎಲ್ ಅಂದರೆ 50 ಯೂನಿಟ್. ಎರಡೂವರೆ ಪಟ್ಟು!

ಯಾರ ತಪ್ಪು? ಚೀಟಿಯಲ್ಲಿ 40 ಅಂತಲೋ 100 ಅಂತಲೋ ಬರೆದಿರಲಿಲ್ಲ. ಅಂಗಡಿಯವರು ಕೇಳಲಿಲ್ಲ. ತಂದವರು ನಾವೇ, ನಾವೂ ನೋಡಲಿಲ್ಲ. ರಾತ್ರಿಯಿಡೀ ಒಬ್ಬರೇ ಅಷ್ಟೊಂದು ಹಾಸಿಗೆ ನೋಡಿಕೊಂಡ ಸಿಸ್ಟರಿಗೆ ಬೆಳಗಿನ ಹೊತ್ತು ಆ ಚಿಕ್ಕ ಅಕ್ಷರ ಕಾಣಲಿಲ್ಲ. ಬಾಟಲಿ ತೋರಿಸಿದಾಗ ಆ ಹುಡುಗಿಯ ಕೈ ನಡುಗುತ್ತಿತ್ತು. "ಅಕ್ಕಾ, ಯಾರಿಗೂ ಹೇಳಬೇಡಿ, ನನ್ನ ಕೆಲಸ ಹೋಗುತ್ತೆ" ಅಂದಳು. ನಾನು ಹೇಳಲಿಲ್ಲ. ಆಸ್ಪತ್ರೆಯ ಹೆಸರನ್ನು ಇಲ್ಲಿಯೂ ಬರೆಯುವುದಿಲ್ಲ. ಸರ್ಕಾರಿಯೋ ಖಾಸಗಿಯೋ ಅನ್ನುವುದನ್ನೂ ಹೇಳುವುದಿಲ್ಲ. ಬರೆದರೆ ಮೊದಲು ಹುಡುಕುವುದು ಆ ಹುಡುಗಿಯನ್ನೇ.

ಆದರೆ ನಾನು ಸುಮ್ಮನಿದ್ದದ್ದು ಇವತ್ತಿಗೂ ನನ್ನನ್ನು ಕಾಡುತ್ತಿದೆ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಆ ಬೆಳಿಗ್ಗೆಯ ವಿಷಯ ಒಂದು ಸಾಲೂ ಇಲ್ಲ. ಮುಂದಿನ ವಾರ ಅದೇ ಅಂಗಡಿಯಿಂದ ಅದೇ ಬಾಟಲಿ ಅದೇ ವಾರ್ಡಿಗೆ ಬಂದಿರಬಹುದು. ಪಕ್ಕದಲ್ಲಿ ಲೋ ಶುಗರ್ ಗುರುತಿಸುವವರು ಯಾರೂ ಇಲ್ಲದ ಅಜ್ಜಿಯೊಬ್ಬರು ಮಲಗಿದ್ದಿರಬಹುದು.

ಸ್ವಾಮಿ, ನಮ್ಮ ಊರಿನ ಹಾಲಿನ ಡೇರಿಯಲ್ಲಿ ಫ್ಯಾಟ್ ಕಮ್ಮಿ ಬಂದರೆ "ಇನ್ನೊಂದು ಸಲ ನೋಡಿ" ಅಂತ ಕೇಳುತ್ತೇವೆ. ಸೆಕ್ರೆಟರಿ ಮುಖ ಸಿಂಡರಿಸದೆ ಮತ್ತೆ ನೋಡುತ್ತಾರೆ. ಮೆಷಿನ್ ಕೆಟ್ಟಿದ್ದರೆ ಎಲ್ಲರ ಎದುರಿಗೇ ಗೊತ್ತಾಗುತ್ತದೆ, ರಿಪೇರಿಯಾಗುತ್ತದೆ. ಅರ್ಧ ಲೀಟರ್ ಹಾಲಿನ ವಿಷಯದಲ್ಲಿ ನಮಗಿರುವ ಈ ಮಾತು ನಮ್ಮವರ ಜೀವದ ವಿಷಯದಲ್ಲಿ ಯಾಕಿಲ್ಲ?

ವಾರ್ಡಿನಲ್ಲಿ ಸಿಸ್ಟರುಗಳು ಪಾಳಿಗೊಮ್ಮೆ ಬದಲಾಗುತ್ತಾರೆ. ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಾರೆ. ಹಗಲೂ ರಾತ್ರಿ ಅಲ್ಲೇ ಕೂತಿರುವವರು "ಪೇಷೆಂಟ್ ಕಡೆಯವರು ಯಾರ್ರೀ?" ಅಂತ ಕೂಗಿಸಿಕೊಳ್ಳುವ ನಾವು. ಮಾತ್ರೆಯ ಬಣ್ಣ ನಿನ್ನೆಯದಲ್ಲ ಅಂತ ನಮಗೆ ಕಾಣುತ್ತದೆ. ಡ್ರಿಪ್ ಹಾಕಿದ ಕೈ ಊದಿದ್ದು, ಬಾತ್‌ರೂಮಿನ ಹತ್ತಿರ ಮುದುಕರು ಜಾರಿದ್ದು, ಒಂದೇ ಹೆಸರಿನ ಇಬ್ಬರ ಕೇಸ್ ಶೀಟ್ ಅದಲುಬದಲಾಗಿದ್ದು ಕಾಣುತ್ತದೆ. ಹೇಳಲು ಜಾಗವಿಲ್ಲ, ಅಷ್ಟೇ.

ದೂರು ಕೊಡಲು ಜಾಗ ಇದೆ, ನಿಜ. ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಬಹುದು. ಖಾಸಗಿ ಆಸ್ಪತ್ರೆಯಾದರೆ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ಹೋಗಬಹುದು. ಔಷಧಿಯ ಅಡ್ಡಪರಿಣಾಮ ತಿಳಿಸಲು 1800-180-3024 ಅನ್ನುವ ಉಚಿತ ನಂಬರ್ ಇದೆ. ಈ ನಂಬರನ್ನು ನಮ್ಮ ಕಡೆ ಯಾವ ವಾರ್ಡಿನ ಗೋಡೆಯ ಮೇಲೂ ನಾನು ಕಂಡಿಲ್ಲ. ಆದರೆ ದೂರು ಕೊಡುವುದೇ ಬೇರೆ, ತಿಳಿಸುವುದೇ ಬೇರೆ. ದೂರು ಕೊಟ್ಟರೆ "ಯಾರು ಮಾಡಿದ್ದು?" ಅನ್ನುವ ಪ್ರಶ್ನೆ ಬರುತ್ತದೆ. ನನಗೆ ಬೇಕಾಗಿದ್ದು "ಹೇಗಾಯಿತು, ಮತ್ತೆ ಆಗದಂತೆ ಏನು ಮಾಡೋಣ?" ಅನ್ನುವ ಪ್ರಶ್ನೆ. ಈ ಎರಡನೆಯದಕ್ಕೆ ಬಾಗಿಲಿಲ್ಲದೇ ಹೋದಾಗ ಜನ ಒಳಗೇ ಕುದಿಯುತ್ತಾರೆ, ಒಂದು ದಿನ ಆಸ್ಪತ್ರೆಯ ಗಾಜು ಒಡೆಯುತ್ತಾರೆ. ಸಿಬ್ಬಂದಿಯ ಮೇಲೆ ಕೈ ಮಾಡುವವರನ್ನು ತಡೆಯಲು ನಮ್ಮ ರಾಜ್ಯದಲ್ಲಿ 2009ರಿಂದ ಕಾನೂನಿದೆ, ಇರಲೇಬೇಕು. ಆದರೆ ಮೊದಲೇ ಕೇಳಿಸಿಕೊಂಡಿದ್ದರೆ ಎಷ್ಟೋ ಜಗಳ ಅಲ್ಲಿಗೇ ನಿಲ್ಲುತ್ತಿತ್ತು, ಅಲ್ವಾ?

ಇದು ನನ್ನೊಬ್ಬಳ ತಲೆಗೆ ಬಂದ ಮಾತಲ್ಲ. ಚಿಕಿತ್ಸೆಯ ವೇಳೆ ಸುಮಾರು 10 ರೋಗಿಗಳಲ್ಲಿ ಒಬ್ಬರಿಗೆ ಹಾನಿಯಾಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ತಡೆಯಬಹುದಾದದ್ದು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. 2019ರಿಂದ ಸೆಪ್ಟೆಂಬರ್ 17ನ್ನು ರೋಗಿಗಳ ಸುರಕ್ಷತಾ ದಿನ ಮಾಡಿದ್ದಾರೆ. 2023ರಲ್ಲಿ ಆ ದಿನದ ವಿಷಯವೇ ರೋಗಿಗಳನ್ನೂ ಮನೆಯವರನ್ನೂ ಜೊತೆಗೆ ಸೇರಿಸಿಕೊಳ್ಳುವುದು. ಇಂಗ್ಲೆಂಡಿನಲ್ಲಿ ಮಾರ್ಥಾ ಮಿಲ್ಸ್ ಅನ್ನುವ 13 ವರ್ಷದ ಹುಡುಗಿ 2021ರಲ್ಲಿ ತೀರಿಹೋದಳು. ಮಗಳಿಗೆ ಜಾಸ್ತಿಯಾಗುತ್ತಿದೆ ಅಂತ ತಂದೆತಾಯಿ ಹೇಳಿದ್ದರು, ಅದಕ್ಕೆ ಬೆಲೆ ಸಿಕ್ಕಿರಲಿಲ್ಲ. ಆ ತಾಯಿ ಸುಮ್ಮನೆ ಕೂರಲಿಲ್ಲ. 2024ರಿಂದ ಅಲ್ಲಿನ ಆಸ್ಪತ್ರೆಗಳಲ್ಲಿ ಮಾರ್ಥಾ ಹೆಸರಿನಲ್ಲೇ ಒಂದು ನಿಯಮ ಬಂತು. ರೋಗಿಯ ಸ್ಥಿತಿ ಹದಗೆಡುತ್ತಿದೆ ಅನ್ನಿಸಿದರೆ ಮನೆಯವರೇ ಬೇರೆ ತಂಡವನ್ನು ತಕ್ಷಣ ಕರೆಸಬಹುದು.

ನಾವು ಅಷ್ಟು ದೂರ ಹೋಗುವುದು ಆಮೇಲೆ. ಮೊದಲು ಪ್ರತಿ ವಾರ್ಡಿನಲ್ಲಿ ಒಂದು ಪುಸ್ತಕ ಇಡಿಸಿ. ಪಕ್ಕದಲ್ಲಿ ಒಂದು ಫೋನ್ ನಂಬರ್ ಇರಲಿ, ಬರೆಯಲು ಬಾರದವರು ಮಾತಿನಲ್ಲೇ ಹೇಳಿ ಕಳಿಸಲಿ. ನಮ್ಮ ಜಿಲ್ಲೆಯಲ್ಲಿ ಮನೆಯೊಳಗೆ ತೆಲುಗು ಆಡುವವರು ಎಷ್ಟು ಜನ! ಕೆಜಿಎಫ್‌ನಲ್ಲಿ ತಮಿಳು, ಎಲ್ಲ ಪೇಟೆಗಳಲ್ಲೂ ಉರ್ದು. ಅವರವರ ಮಾತಿನಲ್ಲಿ ಹೇಳಿದ್ದನ್ನು ಬರೆದುಕೊಳ್ಳುವವರು ಬೇಕು. ಆಶಾ ಕಾರ್ಯಕರ್ತೆಯರು ಮಾಡಬಲ್ಲರು, ಆದರೆ ಬಿಟ್ಟಿ ಮಾಡಿಸಬೇಡಿ, ಅದಕ್ಕೆ ಹಣ ಕೊಡಿ. ಹೆಸರು ಬರೆಯಲೇಬೇಕು ಅನ್ನಬೇಡಿ. ಎಲ್ಲಕ್ಕಿಂತ ಮುಖ್ಯ, ಕೈತಪ್ಪಿ ಆದದ್ದಕ್ಕೆ ಆ ಪುಸ್ತಕ ನೋಡಿ ಯಾರ ಕೆಲಸವನ್ನೂ ಕಿತ್ತುಕೊಳ್ಳುವುದಿಲ್ಲ ಅಂತ ಲಿಖಿತವಾಗಿ ಹೇಳಿ. ಬೇಕೆಂದೇ ಮಾಡಿದ್ದು, ಕುಡಿದು ಬಂದದ್ದು, ಲಂಚ ಕೇಳಿದ್ದು ಬೇರೆ ವಿಷಯ, ಅದಕ್ಕೆ ದೂರಿನ ದಾರಿ ಇದ್ದೇ ಇದೆ. ಆ ಭರವಸೆ ಇದ್ದರೆ ಸಿಸ್ಟರುಗಳೂ ತಾವಾಗಿ ಬರೆಯುತ್ತಾರೆ.

ತಿಂಗಳಿಗೊಮ್ಮೆ ಸಮಿತಿಯಲ್ಲಿ ಅದನ್ನು ಓದಿ. ಓದುವಾಗ ರೋಗಿಗಳ ಕಡೆಯ ಇಬ್ಬರಾದರೂ ಅಲ್ಲಿರಲಿ. ಏನು ಬದಲಾಯಿತು ಅನ್ನುವುದನ್ನು ವಾರ್ಡಿನ ಗೋಡೆಗೆ ಅಂಟಿಸಿ. "ಇನ್ನು ಮುಂದೆ ಚೀಟಿಯಲ್ಲಿ 40 ಅಥವಾ 100 ಎಂದು ಬರೆಯುತ್ತೇವೆ" ಅನ್ನುವ ಒಂದು ಸಾಲು ಕಂಡರೂ ಸಾಕು, ಬರೆದವರಿಗೆ ತಮ್ಮ ಮಾತು ಕಸದ ಬುಟ್ಟಿಗೆ ಹೋಗಲಿಲ್ಲ ಅಂತ ಗೊತ್ತಾಗುತ್ತದೆ.

ಮುಂದಿನ ಸಮಿತಿ ಸಭೆ ಯಾವತ್ತು ಅಂತ ತಿಳಿಸಿ. ನಾನು ಬರುತ್ತೇನೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ. ಕೆಂಪು ಕ್ಯಾಪಿನದೊಂದು, ಕಿತ್ತಳೆ ಕ್ಯಾಪಿನದೊಂದು ಸಿರಿಂಜು ತಂದು ನಿಮ್ಮ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ತೋರಿಸುತ್ತೇವೆ.

ಇಂತಿ,
ಹಾಲು ಹಾಕಿ ಬದುಕುವ ಮನೆಯ ಒಬ್ಬ ಸೊಸೆ
ಕೋಲಾರ ಜಿಲ್ಲೆ